ಕಂಬಿ ಬಡಿಯದ ಹಗಲುಗಳು

ಮೊನ್ನೆ ರಕ್ತಪರೀಕ್ಷೆಗೆಂದು ಹೋಗಿದ್ದೆ. ಸೂಜಿ ಚುಚ್ಚುವ ಮೊದಲು ಅಲ್ಲಿಯ ಹುಡುಗಿ ಅರಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಚರ್ಮ ತಣ್ಣಗಾಗುತ್ತಿದ್ದಂತೆ ಆ ವಾಸನೆ ಮೂಗಿಗೇರಿತು. ಕಣ್ಣು ಮುಚ್ಚಿಕೊಂಡೆ. ಭಯಪಟ್ಟೆನೆಂದು ಆಕೆ ತಿಳಿದಳೇನೋ, "ಆಯ್ತು ತಾತ, ಆಯ್ತು" ಎಂದಳು. ನಾನಾಗಲೇ ಹೊಳೆನರಸೀಪುರದ ನಮ್ಮ ಕೇರಿಯ ಒಂದಂಕಣದ ಮನೆಯಲ್ಲಿದ್ದೆ. ಅಲ್ಲಿ ಸ್ಪಿರಿಟ್ಟಿನ ಜೊತೆ ಕೊಬ್ಬರಿ ಎಣ್ಣೆಯ ವಾಸನೆ ಇತ್ತು, ಬೂರುಗದ ಹತ್ತಿ ತುಂಬಿದ ದಿಂಬುಗಳ ಬಿಸಿಲು ವಾಸನೆ ಇತ್ತು, ಮೂಲೆಗೆ ಒರಗಿಸಿದ್ದ ಕರಣೆ, ಮಟ್ಟಗೋಲು, ಬಾಣಲಿಗಳಿಗೆ ಅಂಟಿದ್ದ ಒಣ ಸುಣ್ಣದ ವಾಸನೆಯೂ ಇತ್ತು. ಅವುಗಳ ಮಧ್ಯೆ ಹಗ್ಗದ ಮಂಚದ ಮೇಲೆ ನಮ್ಮಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಯಾರಾದರೂ ಬಂದು ತಿರುಗಿಸುವವರೆಗೆ ಅವನು ಹಾಗೇ ಇರಬೇಕಿತ್ತು.

ಅಪ್ಪನ ಹೆಸರು ದಾವೀದಪ್ಪ. ಗಾರೆ ಕೆಲಸದವನು. ದೊಡ್ಡ ಆಳು, ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತಿತ್ತು. ನಮ್ಮ ಮನೆಯ ಗೋಡೆಯನ್ನು ಅವನು ನುಣುಪು ಕಲ್ಲಿನಿಂದ ಎಷ್ಟು ಉಜ್ಜಿದ್ದನೆಂದರೆ ಸಂಜೆ ದೀಪ ಹಚ್ಚಿದರೆ ಗೋಡೆಯಲ್ಲೂ ಮಂಕಾಗಿ ಇನ್ನೊಂದು ದೀಪ ಕಾಣುತ್ತಿತ್ತು. ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದ. ಹರದನಹಳ್ಳಿಯಲ್ಲಿ ಯಾರದೋ ಮನೆಯ ಮೇಲುಗೋಡೆ ಏರಿಸುತ್ತಿದ್ದಾಗ ಅವನು ನಿಂತಿದ್ದ ಬಿದಿರಿನ ಸಾರುವೆಯ ಹಗ್ಗ ಹರಿಯಿತು. ಕಲ್ಲಿನ ರಾಶಿಯ ಮೇಲೆ ಬೆನ್ನು ಊರಿ ಬಿದ್ದ. ರಕ್ತ ಬರಲಿಲ್ಲ, ಗಾಯ ಕಾಣಲಿಲ್ಲ. ಸೊಂಟದಿಂದ ಕೆಳಗೆ ಮಾತ್ರ ಮೈ ಅವನದಾಗಿ ಉಳಿಯಲಿಲ್ಲ. ಮನೆಗೆ ತಂದು ಮಲಗಿಸಿದ ದಿನ ಅವ್ವ ಅವನ ಕಾಲನ್ನು ಚಿವುಟುತ್ತಲೇ ಇದ್ದಳು. ಅಪ್ಪ ಸೂರು ನೋಡುತ್ತ, "ಚಿವುಟಿದ್ದು ಸಾಕು ಬಿಡು, ನಂಗೇನೂ ಗೊತ್ತಾಯ್ತಿಲ್ಲ" ಎಂದ.

ಹಾಸನದ ಆಸ್ಪತ್ರೆಯಲ್ಲಿ ಕೆಲವು ವಾರ ಇಟ್ಟುಕೊಂಡು ಕಳುಹಿಸಿದರು. ಕಾಲು ಬರುವುದು ದೇವರ ಕೈಯಲ್ಲಿದೆ, ಆದರೆ ಬೆನ್ನು ಕಾಯುವುದು ನಿಮ್ಮ ಕೈಯಲ್ಲಿದೆ ಎಂದು ಡಾಕ್ಟರಮ್ಮ ಅವ್ವನಿಗೆ ಹೇಳಿದ್ದರು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿಟ್ಟರೆ ಚರ್ಮ ಸತ್ತು ಹುಣ್ಣಾಗುತ್ತದೆ. ಅವನಿಗೆ ನೋವು ತಿಳಿಯುವುದಿಲ್ಲವಾದ್ದರಿಂದ ಹುಣ್ಣು ಮೂಳೆ ಮುಟ್ಟುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಹಗಲಲ್ಲಿ ಹೊತ್ತು ಹೊತ್ತಿಗೆ ತಿರುಗಿಸುತ್ತಿರಬೇಕು. ಅಂಥ ಆಳನ್ನು ಬೆನ್ನು ತಿರುಚದಂತೆ ತಿರುಗಿಸಲು ಮೂವರು ಗಂಡಸರು ಬೇಕು. ನಮ್ಮ ಮನೆಯಲ್ಲಿದ್ದವರು ಅವ್ವ ಮತ್ತು ನಾನು.

ಅಪ್ಪ ಆಸ್ಪತ್ರೆಯಿಂದ ಬಂದ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯವರು ಹೊರಡದೆ ಕುಳಿತರು. ನಮ್ಮದು ಬಹಳ ಸಣ್ಣ ಕ್ರೈಸ್ತ ಸಭೆ. ಪಾದ್ರಿ ಅಯ್ಯನವರು ಹಾಸನದಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಮಿಕ್ಕ ವಾರ ಹಿರಿಯರಾದ ಎಲೀಶಣ್ಣನೇ ಪ್ರಾರ್ಥನೆ ನಡೆಸುತ್ತಿದ್ದರು. ವಾರವಿಡೀ ಅವರು ಪೇಟೆಬೀದಿಯ ಜಗಲಿಯೊಂದರಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದರು. ದೇವಾಲಯದ ಮುಂದಿನ ಹೊಂಗೆ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ಕಟ್ಟಿದ್ದರು, ಅದೇ ನಮ್ಮ ಗಂಟೆ. ಎಲೀಶಣ್ಣ ಹೇಳಿದ್ದು ಇಷ್ಟು: "ಆ ಕಂಬಿ ಬಿಚ್ಚಿ ದಾವೀದನ ಮನೆ ಮುಂದ್ಕೆ ಕಟ್ಟಾನ. ತಿರುಗಿಸೋ ಹೊತ್ತಿಗೆ ಸಾಮು ಬಡೀಲಿ. ಕೇಳಿಸ್ದೋರು ಕೈಲಿರೋದು ಬಿಟ್ಟು ಬರಾನ. ಮೂರು ಜನ ಸೇರಿದ್ಮ್ಯಾಕೆ ನಾಕ್ನೇಯವನು ವಾಪಸ್ ಓಗ್ಲಿ." ಸಾಮು ಎಂದರೆ ನಾನು. ಭಾನುವಾರದ ಆರಾಧನೆಯೂ ನಮ್ಮ ಮನೆಯ ಮುಂದೆಯೇ ಆಗಲಿ, ಗಂಟೆ ಇದ್ದಲ್ಲಿ ಗುಡಿ ಎಂದು ಅವರೇ ನಕ್ಕರು.

ಹೀಗೆ ಶುರುವಾಯಿತು. ನಾನು ಸುತ್ತಿಗೆಯಿಂದ ಕಂಬಿ ಬಡಿಯುತ್ತಿದ್ದೆ. ಎಲೀಶಣ್ಣ ಕತ್ತಿನಲ್ಲಿ ಟೇಪು ನೇತುಹಾಕಿಕೊಂಡೇ ಬರುತ್ತಿದ್ದರು. ಸೈಕಲ್ ರಿಪೇರಿಯವನು ಎಣ್ಣೆಗೈ ಒರೆಸಿಕೊಳ್ಳುತ್ತ ಬರುತ್ತಿದ್ದ. ಸಭೆಗೆ ಸೇರದ ಪುಟ್ಟೇಗೌಡರೂ ಬರತೊಡಗಿದರು. ಕೇರಿಯ ಪಕ್ಕದಲ್ಲೇ ಅವರ ಹೊಲ; ಅವರ ಮನೆಯನ್ನು ಕಟ್ಟಿದ್ದವನು ಅಪ್ಪ. ಒಬ್ಬರು ಹೆಗಲಡಿ, ಒಬ್ಬರು ಸೊಂಟದಡಿ, ಒಬ್ಬರು ಮಂಡಿಯಡಿ ಕೈ ತೂರಿಸುವರು. ಮೂವರೂ ಒಂದೇ ಗಳಿಗೆಗೆ ಎತ್ತಬೇಕಲ್ಲ, ಅದಕ್ಕೆ ಎಲೀಶಣ್ಣ "ಸ್ತೋತ್ರ" ಎನ್ನುವರು. ಆ ಮಾತಿಗೆ ಅಪ್ಪನ ಮೈ ಗಾಳಿಯಲ್ಲಿ ಏಳುವುದು, ತಿರುಗುವುದು, ಮೆಲ್ಲಗೆ ಇಳಿಯುವುದು. ಎಲೀಶಣ್ಣ ಇಲ್ಲದ ದಿನ ಪುಟ್ಟೇಗೌಡರೇ ಗಂಟಲು ಸರಿಮಾಡಿಕೊಂಡು "ಸ್ತೋತ್ರ" ಎನ್ನುತ್ತಿದ್ದರು.

"ದಿನಾ ಅಂದೂ ಅಂದೂ ನಾನೂ ಅರ್ಧ ಕಿರಸ್ತಾನ ಆಗೋದೆ ಕಣಯ್ಯ ದಾವೀದ" ಎನ್ನುತ್ತಿದ್ದರು. "ಇನ್ನರ್ಧಕ್ಕೆ ನಮ್ಮವಳು ಬಿಡಕಿಲ್ಲ. ಇಲ್ಲಿಂದ ಓದೇಟ್ಗೆ ಹಿತ್ಲಲ್ಲೇ ನಿಲ್ಸಿ ನೀರು ಉಯ್ತಾಳೆ."

ಅಪ್ಪ ಗೋಡೆಗೆ ಮುಖ ಮಾಡಿಕೊಂಡೇ, "ಓಗ್ಲಿ ಬಿಡಿ ಗೌಡ್ರೆ, ನನ್ ದೆಸೆಯಿಂದಾನಾದ್ರೂ ದಿನಾ ಮೈ ತೊಳೀತೀರಲ್ಲ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಆ ನಗುವಿನ ಅಡಿಯಲ್ಲಿ ಏನಿತ್ತೆಂದು ಆಗ ನನಗೆ ತಿಳಿದಿರಲಿಲ್ಲ.

ತಿರುಗಿಸಿದ ಮೇಲೆ ಎಸ್ತರಜ್ಜಿಯ ಕೆಲಸ. ಆಕೆ ಹಿಂದೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ನಮ್ಮ ಎದುರು ಮನೆಯವಳು. ನಾನು ಶಾಲೆಗೆ ಹೋದಾಗ ಕಂಬಿ ಬಡಿಯುವವಳೂ ಅವಳೇ. ಮಲಗಿ ಕೆಂಪಾದ ಚರ್ಮಕ್ಕೆ ಸ್ಪಿರಿಟ್ ಒರೆಸಿ, ಅದು ಆರಿದ ಮೇಲೆ ಅಂಗೈಯಲ್ಲಿ ಎಣ್ಣೆ ಬಿಸಿ ಮಾಡಿಕೊಂಡು ಸುತ್ತ ಸುತ್ತ ತಿಕ್ಕುವಳು. ಸಭೆಯ ಹೆಂಗಸರು ಬೂರುಗದ ಕಾಯಿ ಒಡೆದು ಹತ್ತಿ ಬಿಡಿಸಿ ದಿಂಬುಗಳನ್ನು ಹೊಲಿದು ತಂದಿದ್ದರು: ಮಂಡಿಯ ಮಧ್ಯೆ ಒಂದು, ಹಿಮ್ಮಡಿಗೊಂದು, ಬೆನ್ನಿಗೊಂದು. ಎಲ್ಲರ ಮನೆಯಲ್ಲೂ ರಾಗಿ ಬೀಸುವ ಮೊದಲು ಒಂದು ಹಿಡಿಯನ್ನು ಹಾಲಿನಪುಡಿ ಡಬ್ಬಕ್ಕೆ ಹಾಕುತ್ತಿದ್ದರು, ಭಾನುವಾರ ಆ ಡಬ್ಬಗಳೆಲ್ಲ ನಮ್ಮ ಗುಡಾಣಕ್ಕೆ ಬರಿದಾಗುತ್ತಿದ್ದವು. ನಾವು ಕೈಚಾಚಿ ಕೇಳಲಿಲ್ಲ, ಅವರು ಕೊಟ್ಟೆವೆನ್ನಲಿಲ್ಲ.

ಒಂದು ಭಾನುವಾರ ಎಲೀಶಣ್ಣ, ನಾಲ್ವರು ಗೆಳೆಯರು ಕಾಲು ಸ್ವಾಧೀನವಿಲ್ಲದವನೊಬ್ಬನನ್ನು ಮಂಚದ ಸಮೇತ ಹೊತ್ತು, ಜನಸಂದಣಿಯಿಂದಾಗಿ ಬಾಗಿಲಲ್ಲಿ ಹೋಗಲಾರದೆ, ಮಾಳಿಗೆ ಕಿತ್ತು ಸ್ವಾಮಿಯ ಮುಂದೆ ಇಳಿಸಿದ ಬೈಬಲ್ಲಿನ ಕಥೆ ಹೇಳಿದರು. ಆ ಮನುಷ್ಯ ಎದ್ದು ನಡೆದುಹೋದ. ಒಳಗಿನಿಂದ ಅಪ್ಪನ ದನಿ ಬಂತು: "ಅದೆಲ್ಲ ಸರಿ ಎಲೀಶಣ್ಣ. ಆ ಮಾಳಿಗೆ ಮತ್ತೆ ಮುಚ್ಚಿಕೊಟ್ಟ ಗಾರೆಯವ್ನು ಯಾರು ಅಂತ ಎಲ್ಲೂ ಬರ್ದಿಲ್ವಲ್ಲ?" ಎಸ್ತರಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಎದ್ದು ನಡೆದುಹೋದ ಎಂಬ ಮಾತೊಂದೇ ನನ್ನ ತಲೆಯಲ್ಲಿ ನಿಂತಿತ್ತು.

ಬೇಸಿಗೆ ಬಂತು. ಅವ್ವ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುವ ಕೂಲಿಗೆ ಮಂಡಿಗೆ ಹೋಗುತ್ತಿದ್ದಳು, ಬೆಳಗ್ಗೆ ಹೋದರೆ ಸಂಜೆಗೆ. ಎಸ್ತರಜ್ಜಿ ಮಗಳ ಬಾಣಂತನಕ್ಕೆ ಚನ್ನರಾಯಪಟ್ಟಣಕ್ಕೆ ಹೋದಳು. ಹೋಗುವಾಗ ಸ್ಪಿರಿಟ್ ಬಾಟಲಿ ತೋರಿಸಿ, "ಕಂಬಿ ಬಡಿಯಾದು ಮರೀಬ್ಯಾಡ ಕಣ್ಲಾ ಮಗ, ನಿಮ್ಮಪ್ಪನ ಬೆನ್ನು ನಿನ್ ಕೈಲದೆ" ಎಂದಳು. ಶಾಲೆಗೆ ರಜೆ ಬಿಟ್ಟಿತ್ತು. ಹಗಲೆಲ್ಲ ಅಪ್ಪನ ಬಳಿ ನಾನೊಬ್ಬನೇ.

ಅದೇ ವಾರ ಅರಕಲಗೂಡಿನಲ್ಲಿ ಚಪ್ಪರ ಹಾಕಿ ಕೂಟ ನಡೆಯುತ್ತಿದೆ, ದೂರದ ಸೀಮೆಯ ಪ್ರಸಂಗಿಯೊಬ್ಬರು ಬಂದು ಪ್ರಾರ್ಥಿಸಿದರೆ ರೋಗಗಳು ವಾಸಿಯಾಗುತ್ತವೆ ಎಂಬ ಸುದ್ದಿ ಬಂತು. ಅಪ್ಪನನ್ನು ಕರೆದೊಯ್ಯುವಂತಿರಲಿಲ್ಲ. ರೋಗಿಯ ಬಟ್ಟೆ ತಂದರೂ ಸಾಕು, ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ ಎಂದರು. ಅವ್ವ ಕೂಲಿ ತಪ್ಪಿಸಿಕೊಂಡು ಅಪ್ಪನ ಬಳಿ ಉಳಿದು ನನ್ನನ್ನು ಎಲೀಶಣ್ಣನ ಜೊತೆ ಬಸ್ಸಿಗೆ ಹತ್ತಿಸಿದಳು. ಅಪ್ಪ ಕೆಲಸಕ್ಕೆ ಹೋಗುವಾಗ ತಲೆಗೆ ಸುತ್ತುತ್ತಿದ್ದ ಕೆಂಪಂಚಿನ ಟವಲನ್ನು ಮಡಿಸಿ ಎದೆಗೆ ಒತ್ತಿಕೊಂಡು ಕುಳಿತಿದ್ದೆ. ಚಪ್ಪರದಲ್ಲಿ ಜನವೋ ಜನ. ಪ್ರಸಂಗಿಗಳು ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಪಕ್ಕದಲ್ಲೊಬ್ಬರು ಕನ್ನಡದಲ್ಲಿ ಹೇಳುತ್ತಿದ್ದರು. ಬೆವರಿದ ದೊಡ್ಡ ಕೈ ಟವಲಿನ ಮೇಲೆ, ಆಮೇಲೆ ನನ್ನ ತಲೆಯ ಮೇಲೆ ಬಂತು. ಯಾರಿಗೆ ಎಂದು ಕೇಳಿದರು. ಅಪ್ಪನಿಗೆ ಎಂದೆ. ನಂಬುತ್ತೀಯಾ ಎಂದರು. ನಂಬುತ್ತೇನೆ ಎಂದೆ. "ಹಾಗಾದರೆ ಸಂಶಯ ಪಡಬೇಡ. ಒಂದು ಕೈಯಲ್ಲಿ ದೇವರನ್ನೂ ಇನ್ನೊಂದು ಕೈಯಲ್ಲಿ ಮನುಷ್ಯರನ್ನೂ ಹಿಡಿದುಕೊಂಡವನಿಗೆ ಯಾರೂ ಸಿಗುವುದಿಲ್ಲ" ಎಂದರು. ಅದನ್ನು ನನಗೇ ಹೇಳಿದರೋ ಚಪ್ಪರಕ್ಕೆಲ್ಲ ಹೇಳಿದರೋ, ಈಗ ನೆನಪಿಲ್ಲ. ಅವರು ಕೆಟ್ಟವರಾಗಿದ್ದರೆಂದು ನಾನು ಎಂದೂ ಅಂದುಕೊಂಡಿಲ್ಲ. ಅವರಿಗೆ ನಮ್ಮ ಮನೆಯ ಮುಂದಿನ ಕಂಬಿಯ ವಿಷಯ ಗೊತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ಅವ್ವ ಕೂಲಿಗೆ ಹೋದ ಮೇಲೆ ಟವಲನ್ನು ಅಪ್ಪನ ಮಂಡಿಗಳ ಮೇಲೆ ಹಾಸಿದೆ. ಹೊರಗೆ ಹೋಗಿ ಸುತ್ತಿಗೆ ಕೈಗೆತ್ತಿಕೊಂಡೆ. ಬಡಿಯಲಿಲ್ಲ. ಬಡಿದರೆ ಮನುಷ್ಯರನ್ನು ಕರೆದಂತೆ, ದೇವರು ಏಳಿಸುತ್ತಾನೆಂದು ನಾನು ನಂಬಿಲ್ಲ ಎಂದು ಊರಿಗೆಲ್ಲ ಸಾರಿದಂತೆ ಎನ್ನಿಸಿತು. ಸೋಮಾರಿತನದಿಂದಲ್ಲ, ಆಟದ ಆಸೆಯಿಂದಲ್ಲ. ಓದುವವರು ಇದೊಂದನ್ನು ನಂಬಬೇಕು. ಹಿತ್ತಲಲ್ಲಿ ಗೋಲಿಯಾಡುತ್ತಿದ್ದ ಹುಡುಗರು ಕರೆದರೂ ಹೋಗದೆ ಮಂಚದ ಕಾಲಬುಡದಲ್ಲಿ ಕುಳಿತು ಅಪ್ಪನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದು ಮೊದಲು ಅಲ್ಲಾಡುತ್ತದೆ ಎಂದು ಯಾಕೋ ನಿಶ್ಚಯಿಸಿಕೊಂಡಿದ್ದೆ.

ಹೊತ್ತೇರಿತು. "ಏನ್ಲಾ ಸಾಮು, ಕಂಬಿ ಸದ್ದೇ ಇಲ್ವಲ್ಲ?" ಎಂದ ಅಪ್ಪ.

"ಅಪ್ಪ, ನೀನು ಎದ್ದೇಳ್ತೀಯ ಕಣಪ್ಪ. ಇನ್ಮ್ಯಾಕೆ ಯಾರೂ ತಿರುಗಿಸ್ಬೇಕಾಗಿಲ್ಲ. ನಾನು ನಂಬಿದೀನಿ."

ಅಪ್ಪನ ಮುಖ ಗೋಡೆಯ ಕಡೆಗಿತ್ತು. ಆ ನುಣುಪು ಗೋಡೆಯಲ್ಲಿ ಅವನಿಗೆ ಏನು ಕಂಡಿತೋ. "ಅಂಗಾ" ಎಂದ. ಆಮೇಲೆ, "ಸರಿ ಕಣ್ಲಾ. ನೋಡಾನ" ಎಂದ. ಕೈ ಹಿಂದಕ್ಕೆ ಚಾಚಿದ. ನಾನು ಹಿಡಿದುಕೊಂಡೆ.

ಒಂದು ಮಾತು ಕೂಗಿದ್ದರೆ ಬೀದಿಯಲ್ಲಿ ಹೋಗುವವರಿಗೆ ಕೇಳುತ್ತಿತ್ತು. ಅವನು ಕೂಗಲಿಲ್ಲ. ಅವನೂ ಆಸೆಪಟ್ಟನೇ, ಅಥವಾ ಮಗನ ನಂಬಿಕೆ ತನ್ನ ಬಾಯಿಂದ ಮುರಿಯಬಾರದೆಂದು ಸುಮ್ಮನಾದನೇ? ಈ ಪ್ರಶ್ನೆಯನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದೇನೆ. ಅದನ್ನು ಇಳಿಸುವ ಜಾಗ ಸಿಕ್ಕಿಲ್ಲ.

ಆ ವಾರದ ಹಗಲುಗಳೆಲ್ಲ ಹಾಗೇ ಕಳೆದವು. ಪೇಟೆಬೀದಿಯಲ್ಲಿ ಎಲೀಶಣ್ಣ, ಕಂಬಿ ಕೇಳದಿದ್ದಾಗ, ಗೌಡರೇ ಯಾರನ್ನೋ ಕರೆದುಕೊಂಡು ಹೋಗಿ ತಿರುಗಿಸಿರಬೇಕು ಎಂದುಕೊಂಡರಂತೆ. ಹೊಲದಲ್ಲಿ ಗೌಡರು, ಎಲೀಶಣ್ಣನವರು ಅಲ್ಲೇ ಇದ್ದಾರು ಎಂದುಕೊಂಡರಂತೆ. ಸಂಜೆ ಮಾಮೂಲಿನಂತೆ ಬಂದು, ಒಬ್ಬರನ್ನೊಬ್ಬರು ಕೇಳದೆ, ತಿರುಗಿಸಿ ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಹುಣಸೆಹುಳಿಗೆ ಬೆರಳುಗಳೆಲ್ಲ ಬಿರಿದ ಅವ್ವ ಚರ್ಮದ ಬಣ್ಣ ತಿಳಿಯದ ಬುಡ್ಡಿಯ ಮಂಕು ಬೆಳಕಿನಲ್ಲಿ ಒದ್ದೆಬಟ್ಟೆಯಿಂದ ಒರೆಸಿ, ಕೂತಲ್ಲೇ ತೂಕಡಿಸುತ್ತಿದ್ದಳು. ಸ್ಪಿರಿಟ್ ಹಚ್ಚಿದರೆ ಅವಳ ಬೆರಳು ಉರಿಯುತ್ತಿತ್ತು, ಹಗಲು ಸಾಮು ಹಚ್ಚಿದ್ದಾನೆ ಎಂದು ಬಿಡುತ್ತಿದ್ದಳು. ಅಪ್ಪನ ಮೈ ಸುಡತೊಡಗಿತು. ಬಿಸಿಲಿನ ಕಾವು ಎಂದುಕೊಂಡೆವು. ಮನೆಯಲ್ಲಿ ಹೊಸದೊಂದು ವಾಸನೆ ಬಂತು. ನಾನು ದಿಂಬುಗಳನ್ನು ತೆಗೆದು ಬಿಸಿಲಿಗೆ ಹಾಕಿದೆ. ವಾಸನೆ ಹೋಗಲಿಲ್ಲ.

ಎಸ್ತರಜ್ಜಿ ಚನ್ನರಾಯಪಟ್ಟಣದಿಂದ ಬಂದವಳು ಗಂಟು ಇಳಿಸುವ ಮೊದಲೇ ನಮ್ಮ ಹೊಸ್ತಿಲಲ್ಲಿ ನಿಂತು ಮೂಗು ಅರಳಿಸಿದಳು. ತಾನೇ ಹೋಗಿ ಕಂಬಿ ಬಡಿದಳು. ಅಷ್ಟು ಜೋರಾಗಿ ಅದು ಎಂದೂ ಬಡಿದಿರಲಿಲ್ಲ, ಮಂಡಿಯಿಂದ ಅವ್ವನೂ ಓಡಿ ಬಂದಳು. ಎಲೀಶಣ್ಣ "ಸ್ತೋತ್ರ" ಎಂದರು. ತಿರುಗಿಸಿದರು. ಸೊಂಟದ ಕೆಳಗೆ ಮೂಳೆಯ ಹತ್ತಿರ ಚರ್ಮ ಕಪ್ಪಾಗಿ ಕುಸಿದಿತ್ತು. ಪುಟ್ಟೇಗೌಡರು ಮುಖ ತಿರುಗಿಸಿಕೊಂಡರು.

"ಏನಾಯ್ತು ದಾವೀದ? ಹಗಲೊತ್ತು ತಿರುಗಿಸ್ನಿಲ್ವಾ ಯಾರೂ?" ಎಂದರು ಎಲೀಶಣ್ಣ.

ಹೇಳಬೇಕೆಂದೇ ಇದ್ದೆ. ಅಷ್ಟರಲ್ಲಿ ಅಪ್ಪ, "ನಾನೇ ಬ್ಯಾಡ ಅಂದೆ ಕಣಣ್ಣ" ಎಂದ. "ತಿರುಗಿಸ್ದಾಗೆಲ್ಲ ಅಲ್ಲಿ ಬಾಳ ನೋಯ್ತಿತ್ತು. ಬಡೀಬ್ಯಾಡ ಕಣ್ಲಾ ಅಂತ ಉಡುಗುನ್ನ ಗದರಿಬುಟ್ಟೆ."

ಎಸ್ತರಜ್ಜಿಯ ಕೈ ನಿಂತಿತು. ಆ ಮೈಯಲ್ಲಿ ನೋವೆಂಬುದು ಇಲ್ಲವೆಂದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳು. ಅಪ್ಪನ ಮುಖ ನೋಡಿದಳು. ಆಮೇಲೆ ನನ್ನ ಮುಖ. ಬಿಸಿನೀರಿಗೆ ಉಪ್ಪು ಹಾಕಿ ತಾ ಎಂದು ನನ್ನನ್ನೇ ಕಳುಹಿಸಿದಳು.

ಮನೆಯ ಬಾಗಿಲ ಹಲಗೆಯನ್ನು ಕಿತ್ತು, ಅದರ ಮೇಲೆ ಬೂರುಗದ ದಿಂಬುಗಳನ್ನೆಲ್ಲ ಹಾಸಿ, ಅಪ್ಪನನ್ನು ಸ್ಟೇಷನ್ನಿಗೆ ಹೊತ್ತರು. ನಾಲ್ವರು ಹೊತ್ತಿದ್ದರು, ನಾಲ್ಕು ಮೂಲೆಗೆ ನಾಲ್ವರು. ಗೌಡರು ಮುಂದಿನ ಎಡಮೂಲೆ. ಗಾರ್ಡಿನ ಡಬ್ಬಿಯಲ್ಲಿ ಇಟ್ಟುಕೊಂಡು ಹಾಸನಕ್ಕೆ ಹೋದರು. ನಂಜು ರಕ್ತಕ್ಕೆ ಸೇರಿಹೋಗಿದೆ ಎಂದು ಡಾಕ್ಟರಮ್ಮ ಹೇಳಿದರಂತೆ. ಸಭೆಯವರು ಸರದಿಯಲ್ಲಿ ರೈಲು ಹತ್ತಿ ಹೋಗಿ ಮಂಚದ ಪಕ್ಕ ಕೂರುತ್ತಿದ್ದರು. ಅಲ್ಲಿ ಯಾರಿಗೂ ಮಾಡಲು ಏನೂ ಇರಲಿಲ್ಲ. ಕಬ್ಬಿಣ ಬಗ್ಗಿಸುವ ಕೈ, ಬಟ್ಟೆ ಕತ್ತರಿಸುವ ಕೈ, ನೇಗಿಲು ಹಿಡಿಯುವ ಕೈ, ಎಲ್ಲ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ನಾನು ಟವಲು ಹಿಡಿದುಕೊಂಡು ಮೂಲೆಯಲ್ಲಿ ನಿಂತು, ನಂಬಿದ್ದು ಸಾಲಲಿಲ್ಲವೇನೋ ಎಂದು ಇನ್ನಷ್ಟು ನಂಬಲು ನೋಡುತ್ತಿದ್ದೆ. ಮಳೆ ಹಿಡಿಯುವ ಮೊದಲು ಅಪ್ಪ ತೀರಿಕೊಂಡ.

ಮಣ್ಣು ಮಾಡುವಾಗ ಎಲೀಶಣ್ಣ ಪ್ರಾರ್ಥನೆಯನ್ನು ಮಧ್ಯದಲ್ಲೇ ನಿಲ್ಲಿಸಿದರು. "ಕಂಬಿ ಕೇಳಿಸ್ದಿದ್ರೇನಾಯ್ತು, ನಾವೇ ಬರ್ಬೇಕಾಗಿತ್ತು" ಎಂದರು. "ಸ್ವಾಮಿ, ಇದು ನಮ್ಮ ಲೆಕ್ಕಕ್ಕೆ." ಸೈಕಲ್ಲಿನವನು ತಲೆ ತಗ್ಗಿಸಿದ. ಪುಟ್ಟೇಗೌಡರು ಬೇಲಿಯಾಚೆ ನಿಂತು ವಲ್ಲಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವ್ವ, ತಾನಾದರೂ ಸ್ಪಿರಿಟ್ ಹಚ್ಚಬಾರದಿತ್ತೇ ಎಂದು ತನ್ನ ಬೆರಳುಗಳನ್ನೇ ಶಪಿಸಿಕೊಂಡು ಅಳುತ್ತಿದ್ದಳು. ಪ್ರತಿಯೊಬ್ಬರೂ ನನ್ನ ತಪ್ಪಿನ ಒಂದೊಂದು ತುಂಡನ್ನು ಎತ್ತಿಕೊಂಡು ಮನೆಗೆ ಹೋದರು. ನಾನು ಕೊಟ್ಟುಬಿಟ್ಟೆ. ನಾನು ತಪ್ಪೊಪ್ಪಿಕೊಳ್ಳಬೇಕಾದ್ದು ಕಂಬಿ ಬಡಿಯದ ಹಗಲುಗಳಿಗಿಂತ ಹೆಚ್ಚಾಗಿ ಮಣ್ಣು ಮಾಡಿದ ಆ ಮಧ್ಯಾಹ್ನಕ್ಕೆ. ಹಗಲುಗಳದು ಮಗುವಿನ ನಂಬಿಕೆ ಎನ್ನಬಹುದು. ಆ ಮಧ್ಯಾಹ್ನದ ಮೌನ ನನ್ನದೇ.

ಆಮೇಲೂ ಡಬ್ಬದ ರಾಗಿ ನಮ್ಮ ಗುಡಾಣಕ್ಕೆ ಬರುತ್ತಲೇ ಇತ್ತು. ಎಲೀಶಣ್ಣ ಪ್ರತಿ ವರ್ಷ ನನಗೊಂದು ಶರಟು ಚಡ್ಡಿ ಹೊಲಿದುಕೊಟ್ಟರು. ಎಸ್‌ಎಸ್‌ಎಲ್‌ಸಿ ಮುಗಿಸಿದಾಗ ಇಡೀ ಸಭೆ ನಿಂತು ಹಾಡಿತು. ಕೆಲಸ ಸಿಕ್ಕಿ ಊರು ಬಿಡುವ ದಿನ ಎಸ್ತರಜ್ಜಿ ಬಸ್ಸಿನ ಕಿಟಕಿಯ ಹತ್ತಿರ ಬಂದು, "ಯಾವತ್ತಾರ ಯೋಳ್ಬೇಕು ಅನ್ನಿಸ್ದಾಗ ಬಾ ಮಗ, ನಾನಿರ್ತೀನಿ" ಎಂದಳು. ನಾನು ಹೋಗಲಿಲ್ಲ. ಹೋಗಬೇಕೆಂದು ಹೊರಟಾಗ ಅವಳಿರಲಿಲ್ಲ. ಎಲೀಶಣ್ಣನೂ ಇರಲಿಲ್ಲ, ಅವ್ವನೂ. ಕೇರಿಯ ಮನೆಗಳು ಬಿದ್ದು ಬೇರೆ ಎದ್ದಿದ್ದವು. ಅಪ್ಪ ಉಜ್ಜಿದ ಗೋಡೆಯೊಂದು ಯಾರದೋ ದನದ ಕೊಟ್ಟಿಗೆಯಲ್ಲಿ ಸೇರಿಹೋಗಿ ನಿಂತಿತ್ತು. ಕೈಯಿಟ್ಟು ನೋಡಿದೆ, ಇನ್ನೂ ನುಣುಪಾಗಿತ್ತು.

ಮಾಳಿಗೆ ಕಿತ್ತವರ ಕಥೆಯನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಮಲಗಿದವನು ಏನು ನಂಬಿದ್ದನೆಂದು ಅದರಲ್ಲಿ ಎಲ್ಲೂ ಇಲ್ಲ. ಹೊತ್ತು ತಂದವರನ್ನು ನೋಡಿ ಸ್ವಾಮಿ ಅವನನ್ನು ಎಬ್ಬಿಸಿದ್ದು. ನಮ್ಮ ಮನೆಗೂ ದಿನಾ ಆ ಹೊತ್ತವರೇ ಬರುತ್ತಿದ್ದರು, ಟೇಪು ನೇತುಹಾಕಿಕೊಂಡು, ಎಣ್ಣೆಗೈ ಒರೆಸಿಕೊಳ್ಳುತ್ತ. ನಾನು ಬಾಗಿಲಲ್ಲಿ ನಿಂತು ಬೇರೆ ಯಾರನ್ನೋ ಕಾಯುತ್ತಿದ್ದೆ.

ಈಗ ನನಗೂ ಸೊಂಟ ಹಿಡಿದಿದೆ. ನಿದ್ದೆಯ ಮಧ್ಯೆ ಎಚ್ಚರವಾಗಿ ಮಗ್ಗುಲು ಬದಲಿಸಬೇಕಾದಾಗ ಮಂಚದ ಅಂಚು ಹಿಡಿದುಕೊಂಡು, ಮೆಲ್ಲಗೆ, ಯಾರಿಗೂ ಕೇಳದಂತೆ "ಸ್ತೋತ್ರ" ಎನ್ನುತ್ತೇನೆ. ಒಬ್ಬನೇ ತಿರುಗುತ್ತೇನೆ. ತಿರುಗಿದ ಮೇಲೆ ಮುಖ ಗೋಡೆಯ ಕಡೆಗಿರುತ್ತದೆ.